ಊರು ಬಿಟ್ಟ ಮೇಲೂ ಲಿಂಗನಿಷ್ಠೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿದ್ದಾಗ ಲಿಂಗಪೂಜೆ, ಅಂದರೆ ಲಿಂಗಾಯತರು ಗುರುವಿನಿಂದ ಪಡೆದು ಮೈಮೇಲೆ ಧರಿಸುವ ಇಷ್ಟಲಿಂಗದ ನಿತ್ಯಪೂಜೆ, ತಾನಾಗಿ ನಡೆಯುತ್ತದೆ. ಅಜ್ಜಿ ನೀರು ಕಾಯಿಸಿರುತ್ತಾರೆ, ಜಗಲಿಯ ಮೇಲೆ ವಿಭೂತಿ ಗಟ್ಟಿ ಇರುತ್ತದೆ, ಪೂಜೆ ಆಗದೆ ತಟ್ಟೆ ಮುಂದೆ ಬರುವುದಿಲ್ಲ. ಪಿಯುಸಿ ಮುಗಿದು ಹಾಸ್ಟೆಲ್ ಸೇರಿದಾಗ, ಕೆಲಸ ಸಿಕ್ಕಿ ಬೆಂಗಳೂರಿಗೋ ಪುಣೆಗೋ ಡಲ್ಲಾಸ್‌ಗೋ ಹೋದಾಗ ಇದಾವುದೂ ಇರುವುದಿಲ್ಲ. ಆಗ ಏಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇವೆ. ಪಂಚಪೀಠ, ವಿರಕ್ತಮಠ ಎಂಬ ಎರಡು ಗುರುಪರಂಪರೆಗಳ ನಡುವೆ ಮಂತ್ರ ಮತ್ತು ಕ್ರಮದಲ್ಲಿ ವ್ಯತ್ಯಾಸವಿದೆ. ನಿಮಗೆ ದೀಕ್ಷೆ ಕೊಟ್ಟ ಗುರು ಹೇಳಿದ ಕ್ರಮ ಇಲ್ಲಿಯದಕ್ಕಿಂತ ಬೇರೆಯಿದ್ದರೆ ಗುರುವಿನ ಮಾತನ್ನೇ ಹಿಡಿಯಿರಿ.

ಹಾಸ್ಟೆಲ್‌ಗೆ ಬಂದು ಎರಡು ತಿಂಗಳಲ್ಲೇ ಪೂಜೆ ತಪ್ಪತೊಡಗಿದೆ. ನನ್ನ ನಂಬಿಕೆ ಹೋಯಿತೇ?

ಹೋಗಿಲ್ಲ. ಹೋಗಿರುವುದು ಹೊತ್ತು ಮತ್ತು ಜಾಗ. ಮನೆಯಲ್ಲಿ ನಿಮ್ಮ ಪೂಜೆಗೆ ನಾಲ್ಕು ಆಸರೆ ಇದ್ದವು: ಬೇಗ ಸಿಗುವ ಬಚ್ಚಲು, ಕೂರಲು ಒಂದು ಮೂಲೆ, ಪಕ್ಕದಲ್ಲಿ ಪೂಜೆ ಮಾಡುವ ಇನ್ನೊಬ್ಬರು, ಮತ್ತು ಮುಗಿದ ಮೇಲೆ ಸಿಗುವ ಊಟ. ಹಾಸ್ಟೆಲ್‌ನಲ್ಲಿ ನಾಲ್ಕೂ ಒಟ್ಟಿಗೆ ಬಿದ್ದುಹೋಗುತ್ತವೆ. ಬಚ್ಚಲ ಮುಂದೆ ಏಳು ಜನ ಸಾಲು ನಿಂತಿರುವಾಗ ಪೂಜೆ ತಪ್ಪಿದ್ದನ್ನು ಅಪನಂಬಿಕೆ ಎಂದು ತಿಳಿದು ಕೊರಗುವವರು ಬಹಳ. ಆ ಕೊರಗೇ ಮುಂದಿನ ದಿನ ಲಿಂಗವಿಡುವ ಪುಟ್ಟ ಡಬ್ಬಿಯಾದ ಕರಡಿಗೆಯನ್ನು ಮುಟ್ಟಲು ಹಿಂಜರಿಯುವಂತೆ ಮಾಡುತ್ತದೆ. ಹತ್ತು ದಿನ ಕಳೆದರೆ ಅದು ಕಪಾಟಿನ ಬಟ್ಟೆಯ ಕೆಳಗೆ ಸೇರುತ್ತದೆ.

ಆದ್ದರಿಂದ ಮೊದಲು ಆಸರೆಗಳನ್ನು ಮತ್ತೆ ಕಟ್ಟಿಕೊಳ್ಳಿ. ಬಚ್ಚಲು ಖಾಲಿ ಸಿಗುವ ಹೊತ್ತು ಯಾವುದೆಂದು ಒಂದು ವಾರ ಗಮನಿಸಿ. ಬಹುತೇಕ ಹಾಸ್ಟೆಲ್‌ಗಳಲ್ಲಿ ಬೆಳಿಗ್ಗೆ ಐದೂವರೆಗೆ ಮೊದಲು, ಇಲ್ಲವೇ ಸಂಜೆ ಆರರ ಆಸುಪಾಸು. ಬೆಳಿಗ್ಗೆ ಆಗದಿದ್ದರೆ ಸಂಜೆಯ ಪೂಜೆಯನ್ನೇ ಮುಖ್ಯವಾಗಿಟ್ಟುಕೊಳ್ಳಿ. ಮಂಚದ ಮೇಲೆ ತಲೆದಿಂಬಿನ ಕಡೆ ಗೋಡೆಗೆ ಮುಖ ಮಾಡಿ ಕೂತರೂ ಅದು ಪೂಜೆಯ ಜಾಗವೇ. ಆದರೆ ದಿನಕ್ಕೊಂದು ಕಡೆ ಕೂರಬೇಡಿ.

ಹನ್ನೆರಡು ನಿಮಿಷ ಮಾತ್ರ ಸಿಗುತ್ತದೆ. ಅಷ್ಟರಲ್ಲಿ ಪೂಜೆ ಆಗುತ್ತದೆಯೇ?

ಧಾರಾಳವಾಗಿ. ಬೇಕಾದ ಸಾಮಾನೆಲ್ಲ ಒಂದು ಊಟದ ಡಬ್ಬಿಯಲ್ಲಿ ಹಿಡಿಯುತ್ತದೆ: ಬೆರಳುದ್ದದ ವಿಭೂತಿ ಗಟ್ಟಿ, ರುದ್ರಾಕ್ಷಿ, 100 ಮಿಲಿಲೀಟರ್ ನೀರು ಹಿಡಿಯುವ ಸಣ್ಣ ಗಿಂಡಿ, ನೀರು ಬಿಡಲು ಅಗಲವಾದ ಬಟ್ಟಲು, ಎರಡು ಪಾವಡ. ಪಾವಡ ಎಂದರೆ ಲಿಂಗವಸ್ತ್ರ, ಅಂಗೈಯಗಲದ ಬಿಳಿ ಹತ್ತಿಬಟ್ಟೆ. ಪತ್ರೆ, ಹೂವು ಸಿಕ್ಕರೆ ಸಂತೋಷ. ಸಿಗದಿದ್ದರೆ ಅದಕ್ಕಾಗಿ ಪೂಜೆ ನಿಲ್ಲಬೇಕಾಗಿಲ್ಲ.

ಮೊದಲ ಎರಡು ನಿಮಿಷ ಕೈಕಾಲು ತೊಳೆದು ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಿ ಕೂತು, ಬಲಗೈಯ ನಡುವಿನ ಮೂರು ಬೆರಳಲ್ಲಿ ಹಣೆಗೆ ವಿಭೂತಿ ಧರಿಸುವುದು. ಮುಂದಿನ ಮೂರು ನಿಮಿಷ ಕರಡಿಗೆ ತೆರೆದು ಲಿಂಗವನ್ನು ಎಡ ಅಂಗೈಗೆ ತೆಗೆದುಕೊಂಡು, ಬಲಗೈಯಿಂದ ಎರಡು ಮೂರು ಚಮಚೆಯಷ್ಟು ನೀರು ಬಿಟ್ಟು, ಪಾವಡದಿಂದ ಒತ್ತಿ ತೇವ ತೆಗೆದು, ವಿಭೂತಿ ಇಡುವುದು. ಉಜ್ಜಬಾರದು, ಒತ್ತಬೇಕು. ಆಮೇಲೆ ಐದು ನಿಮಿಷ ದೃಷ್ಟಿಯಿಟ್ಟು ಮಂತ್ರ. ‘ಓಂ ನಮಃ ಶಿವಾಯ’ ಎಂದು ಮನಸ್ಸಿನಲ್ಲೇ 108 ಸಲ ಹೇಳಲು ಉಸಿರಿನ ಲಯಕ್ಕೆ ಹೊಂದಿಸಿಕೊಂಡರೆ ಸುಮಾರು ಐದಾರು ನಿಮಿಷ ಬೇಕು. ಉಳಿದ ಎರಡು ನಿಮಿಷದಲ್ಲಿ ಒಂದು ವಚನ ಓದಿ, ಲಿಂಗವನ್ನು ಕರಡಿಗೆಗೆ ಸೇರಿಸಿ, ಕೊರಳಿಗೆ ಧರಿಸಿ ಎದ್ದೇಳಿ.

ತಪ್ಪುವುದು ಎಲ್ಲಿ ಎಂದರೆ, ಹೊತ್ತಿಲ್ಲದ ದಿನ ದೃಷ್ಟಿಯ ಐದು ನಿಮಿಷವನ್ನೇ ಕತ್ತರಿಸಿ, ನೀರು–ವಿಭೂತಿ–ಊದುಬತ್ತಿ ಮುಗಿಸಿ ಎದ್ದುಬಿಡುತ್ತಾರೆ. ಕತ್ತರಿಸಲೇಬೇಕಾದರೆ ಊದುಬತ್ತಿ ಬಿಡಿ. ಹಾಸ್ಟೆಲ್‌ನಲ್ಲಿ ಹೊಗೆ ಎಂದು ಜಗಳವೂ ತಪ್ಪುತ್ತದೆ.

ದೃಷ್ಟಿಯಿಟ್ಟು ಕೂತರೆ ಕಣ್ಣು ಉರಿಯುತ್ತದೆ, ತಲೆ ಹಿಡಿದಂತಾಗುತ್ತದೆ. ಏಕೆ?

ಮೂರು ಕಾರಣ. ಅಂಗೈಯನ್ನು ಕಣ್ಣಿಗೆ ತೀರಾ ಹತ್ತಿರ ಹಿಡಿಯುವುದು, ದೀಪ ಎದುರಿಗಿರುವುದು, ಎವೆಯಿಕ್ಕದೆ ನೋಡಬೇಕೆಂದು ಹಟ ಹಿಡಿಯುವುದು.

ಅಂಗೈ ಮೂಗಿನ ಮಟ್ಟದಲ್ಲಿ, ಕಣ್ಣಿನಿಂದ ಒಂದು ಗೇಣಿಗಿಂತ ಸ್ವಲ್ಪ ದೂರ ಇರಲಿ. ಮೊಣಕೈಗೆ ತೊಡೆಯ ಮೇಲೊಂದು ದಿಂಬು ಕೊಟ್ಟರೆ ತೋಳು ನಡುಗುವುದಿಲ್ಲ. ದೀಪವೋ ಮೇಜಿನ ಲ್ಯಾಂಪೋ ನಿಮ್ಮ ಭುಜದ ಹಿಂದಿರಲಿ. ಆಗ ಲಿಂಗದ ಕಪ್ಪು ಹೊದಿಕೆಯ ಮೇಲೆ ಸಾಸಿವೆಕಾಳಿನಷ್ಟು ಬೆಳಕಿನ ಚುಕ್ಕೆ ಕೂರುತ್ತದೆ. ನೋಟ ನಿಲ್ಲಬೇಕಾದದ್ದು ಆ ಚುಕ್ಕೆಯ ಮೇಲೆ. ಅಂಗೈ ಅಲುಗಿದರೆ ಚುಕ್ಕೆಯೂ ಅಲುಗುತ್ತದೆ, ಮನಸ್ಸು ಓಡಿದ್ದು ಆಗ ಕೂಡಲೇ ಗೊತ್ತಾಗುತ್ತದೆ. ಮೊದಲ ವಾರ ಒಂದೇ ನಿಮಿಷ, ಆಮೇಲೆ ವಾರಕ್ಕೊಂದು ನಿಮಿಷ ಏರಿಸಿ. ಕಣ್ಣಲ್ಲಿ ನೀರಾಡಿದರೆ ಮುಚ್ಚಿಕೊಳ್ಳಿ. ಮುಚ್ಚಿದ ಕಣ್ಣಿನೊಳಗೂ ಸ್ವಲ್ಪ ಹೊತ್ತು ಆ ಚುಕ್ಕೆ ನಿಲ್ಲುತ್ತದೆ. ಗ್ಲಾಕೋಮಾ, ಅಪಸ್ಮಾರ, ಮೈಗ್ರೇನ್ ಇರುವವರು, ಕಣ್ಣಿನ ಶಸ್ತ್ರಚಿಕಿತ್ಸೆ ಆದವರು ವೈದ್ಯರನ್ನು ಕೇಳದೆ ದೀರ್ಘಹೊತ್ತು ದೃಷ್ಟಿ ಇಡಬಾರದು.

ಲಿಂಗದ ಮೇಲಿನ ಕಪ್ಪು ಹೊದಿಕೆ ಮಂಕಾಗಿದೆ, ಒಂದು ಕಡೆ ಬಿರುಕೂ ಕಾಣುತ್ತಿದೆ. ದೋಷವೇ?

ದೋಷವಲ್ಲ, ಸವೆತ. ಒಳಗಿರುವುದು ಸಣ್ಣ ಕಲ್ಲಿನ ಲಿಂಗ. ಹೊರಗಿನ ಕಪ್ಪು ಹೊದಿಕೆಗೆ ಕಂತಿ ಎನ್ನುತ್ತಾರೆ. ಕಂತಿಗೆ ಶತ್ರುಗಳು ಸೋಪು, ಸ್ಯಾನಿಟೈಸರ್, ಬಿಸಿನೀರು ಮತ್ತು ಬಿಸಿಲಲ್ಲಿ ನಿಲ್ಲಿಸಿದ ಕಾರು. ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡ ಕೂಡಲೇ ಲಿಂಗ ಮುಟ್ಟಬೇಡಿ; ನೀರಿನಲ್ಲಿ ಕೈ ತೊಳೆದೇ ಮುಟ್ಟಿ. ಒದ್ದೆ ಲಿಂಗವನ್ನು ಕರಡಿಗೆಯಲ್ಲಿ ಮುಚ್ಚಿದರೂ ಹೊದಿಕೆ ಬೇಗ ಸಡಿಲವಾಗುತ್ತದೆ. ಬಿರುಕು ಬಿಟ್ಟರೆ ಅಂಗಡಿಯ ಗೋಂದು, ಬಣ್ಣ ಹಚ್ಚಲು ಹೋಗದೆ, ಊರಿಗೆ ಹೋದಾಗ ಗುರುಗಳಿಗೆ ತೋರಿಸಿ. ಕಂತಿ ಕಟ್ಟುವವರ ಬಳಿ ಹೊಸದಾಗಿ ಕಟ್ಟಿಸಿಕೊಡುತ್ತಾರೆ.

ಕರಡಿಗೆ ಕಟ್ಟಿಕೊಳ್ಳುವ ಶಿವದಾರದಿಂದ ಕುತ್ತಿಗೆಯಲ್ಲಿ ತುರಿಕೆ.

ಒದ್ದೆ ದಾರವೇ ಕಾರಣ. ಸ್ನಾನ ಮಾಡಿದ ಮೇಲೆ ಬಟ್ಟೆಯೊಳಗೆ ದಾರ ದಿನವಿಡೀ ತೇವವಾಗಿಯೇ ಇದ್ದರೆ ಅಲ್ಲಿ ಬೂಸು ಹಿಡಿದು ಹುಳುಕಡ್ಡಿಯಾಗುತ್ತದೆ. ಹತ್ತಿಯದೇ ದಾರ ಇರಲಿ, ನೈಲಾನ್ ಬೇಡ. ಎರಡು ದಾರ ಇಟ್ಟುಕೊಂಡು ವಾರಕ್ಕೊಮ್ಮೆ ಬದಲಿಸಿ, ತೆಗೆದದ್ದನ್ನು ಒಗೆದು ಬಿಸಿಲಿಗೆ ಹಾಕಿ. ಕರಡಿಗೆ ಎದೆಯ ಮೇಲೆ, ಹೊಕ್ಕುಳಿಗಿಂತ ಮೇಲೆ ಇರುವಷ್ಟು ಉದ್ದ ಸಾಕು.

ಬೆಳ್ಳಿಯ ಕರಡಿಗೆ ಹಾಸ್ಟೆಲ್‌ನಲ್ಲಿ ಕಳುವಾದೀತೆಂಬ ಹೆದರಿಕೆ.

ನ್ಯಾಯವಾದ ಹೆದರಿಕೆ. ಅಜ್ಜನ ಕಾಲದ ಬೆಳ್ಳಿ ಕರಡಿಗೆಯನ್ನು ಮನೆಯಲ್ಲಿಟ್ಟು, ಹಿತ್ತಾಳೆಯದನ್ನೋ ಬಟ್ಟೆಯ ಗಂಟನ್ನೋ ಬಳಸಿ. ಲಿಂಗವನ್ನು ಪಾವಡದಲ್ಲಿ ಸುತ್ತಿ ಕಟ್ಟಿಕೊಳ್ಳುವುದು ಹಳೆಯ ರೂಢಿ. ಬೆಳ್ಳಿ ಬಂದದ್ದು ಅನುಕೂಲವಿದ್ದವರ ಮನೆಯಿಂದ. ಲಿಂಗಕ್ಕೆ ಅದು ಬೇಕೇಬೇಕೆಂದಿಲ್ಲ.

ಲಿಂಗವೇ ಕಳೆದುಹೋದರೆ?

ಹುಡುಕಿ. ಸಿಗದಿದ್ದರೆ ಗುರುಗಳ ಬಳಿ ಹೋಗಿ ಹೇಳಿ, ಅವರ ಕೈಯಿಂದ ಮತ್ತೊಂದು ಲಿಂಗ ಪಡೆಯಿರಿ. ಜಾತ್ರೆಯ ಅಂಗಡಿಯಲ್ಲೋ ಆನ್‌ಲೈನ್‌ನಲ್ಲೋ ಕೊಂಡು ನೀವೇ ಕಟ್ಟಿಕೊಳ್ಳಬೇಡಿ. ಗುರು ತನ್ನ ಅಂಗೈಯಿಂದ ನಿಮ್ಮ ಅಂಗೈಗೆ ಕೊಟ್ಟಾಗಲೇ ಅದು ಇಷ್ಟಲಿಂಗ. ಅಲ್ಲಿಯವರೆಗೆ ವಿಭೂತಿ ಧರಿಸಿ, ಖಾಲಿ ಅಂಗೈಯನ್ನೇ ನೋಡುತ್ತ ಮಂತ್ರ ಹೇಳಿ. ಲಿಂಗ ಬಿದ್ದರೆ ಪ್ರಾಣ ಬಿಡಬೇಕು ಎಂಬ ಮಾತು ಕೆಲವು ಹಿರಿಯರ ಬಾಯಲ್ಲಿದೆ. ಅದನ್ನು ಕೇಳಿ ಮಕ್ಕಳು ಕಳೆದದ್ದನ್ನು ವರ್ಷಗಟ್ಟಲೆ ಮುಚ್ಚಿಡುತ್ತಾರೆ. ಹುಲ್ಲು ಕೊಯ್ಯುವಾಗ ಲಿಂಗ ಜಾರಿಬಿದ್ದರೂ ಕಾಯಕ ನಿಲ್ಲಿಸದ ನುಲಿಯ ಚಂದಯ್ಯನ ಕಥೆ ಇರುವುದೂ ನಮ್ಮಲ್ಲೇ. ಮನೆಯಲ್ಲಿ ಆ ಕಥೆ ಹೇಳಿ.

ಎಂಆರ್‌ಐ, ಆಪರೇಷನ್, ವಿಮಾನ ನಿಲ್ದಾಣ, ವರ್ಕ್‌ಶಾಪ್: ಎಲ್ಲೆಲ್ಲಿ ತೆಗೆಯಬೇಕು?

ಎಂಆರ್‌ಐ ಕೋಣೆಗೆ ಯಾವ ಲೋಹವೂ ಹೋಗಬಾರದು. ಕರಡಿಗೆ ಬೆಳ್ಳಿಯದೇ ಎಂದು ವಾದಿಸಬೇಡಿ, ಅದರ ಕೊಂಡಿ, ಬೆಸುಗೆ ಯಾವ ಲೋಹದ್ದೋ ನಿಮಗೆ ಗೊತ್ತಿರುವುದಿಲ್ಲ. ಎದೆಯ ಎಕ್ಸ್‌ರೇಗೂ ತೆಗೆಯಬೇಕು, ಇಲ್ಲದಿದ್ದರೆ ಚಿತ್ರದಲ್ಲಿ ನೆರಳು ಬೀಳುತ್ತದೆ. ಆಪರೇಷನ್‌ಗೆ ಮೊದಲು ಜತೆಗೆ ಬಂದವರ ಕೈಗೆ ಕೊಡಿ. ಯಾರೂ ಇಲ್ಲದಿದ್ದರೆ ಪಾವಡದಲ್ಲಿ ಗಂಟುಕಟ್ಟಿ ಮೇಲೆ ಹೆಸರು ಬರೆದು ನರ್ಸ್ ಕೈಗೆ ಕೊಟ್ಟು ‘ಇದು ಪೂಜೆಯದು’ ಎಂದು ಹೇಳಿ. ಅವರು ಜೋಪಾನವಾಗಿಯೇ ಇಡುತ್ತಾರೆ. ಅವಸರದ ಕೇಸಿನಲ್ಲಿ ದಾರ ಕತ್ತರಿಸಿದರೆ ಬೇಸರ ಬೇಡ, ದಾರ ಹೊಸದು ಸಿಗುತ್ತದೆ.

ವಿಮಾನ ನಿಲ್ದಾಣದಲ್ಲಿ ಲೋಹ ಪತ್ತೆ ಯಂತ್ರ ಕೂಗುವುದು ಸಹಜ. ಮೊದಲೇ ‘ಇದು ನಮ್ಮ ಧರ್ಮದ ಲಿಂಗ’ ಎಂದು ಹೇಳಿ. ತೆರೆದು ತೋರಿಸಬೇಕೆಂದರೆ ನೀವೇ ತೆರೆಯುವುದಾಗಿ ಕೇಳಿ. ಎಲ್ಲರೆದುರು ಬೇಡವೆನಿಸಿದರೆ ಪ್ರತ್ಯೇಕ ಕೋಣೆಯ ತಪಾಸಣೆ ಕೇಳಬಹುದು. ದೊಡ್ಡ ಸೂಟ್‌ಕೇಸಿನಲ್ಲಿ ಹಾಕಿ ಕಳಿಸಬೇಡಿ, ಸೂಟ್‌ಕೇಸು ದಾರಿ ತಪ್ಪುವುದುಂಟು.

ಲೇಥ್, ಡ್ರಿಲ್, ಕಬ್ಬಿನ ಗಾಣ, ಒಕ್ಕಣೆ ಯಂತ್ರ, ಹೀಗೆ ತಿರುಗುವ ಯಾವುದರ ಮುಂದೆ ನಿಂತರೂ ಕೊರಳಲ್ಲಿ ಜೋತಾಡುವ ದಾರ ಅಪಾಯ. ಯಂತ್ರ ದಾರವನ್ನು ಹಿಡಿದರೆ ಕುತ್ತಿಗೆಯನ್ನೂ ಎಳೆಯುತ್ತದೆ. ಅಂಥ ಕೆಲಸದವರು ಲಿಂಗವನ್ನು ಬಟ್ಟೆಯಲ್ಲಿ ತೋಳಿಗೆ ಬಿಗಿಯಾಗಿ ಕಟ್ಟಿ ಮೇಲೆ ಅಂಗಿಯ ತೋಳು ಮುಚ್ಚಬೇಕು. ತೋಳಿಗೆ ಕಟ್ಟುವ ರೂಢಿ ಹಿಂದಿನಿಂದಲೂ ಇದೆ.

ಮುಟ್ಟಿನ ದಿನಗಳಲ್ಲಿ ಲಿಂಗ ಮುಟ್ಟಬಹುದೇ?

ಮುಟ್ಟಬಹುದು, ಪೂಜೆಯನ್ನೂ ಮಾಡಬಹುದು. ಹುಟ್ಟು, ಸಾವು, ಮುಟ್ಟು, ಎಂಜಲು, ಜಾತಿ ಎಂಬ ಐದು ಸೂತಕಗಳು ಲಿಂಗವಂತರಿಗಿಲ್ಲ ಎಂದು ಶರಣರು 12ನೆಯ ಶತಮಾನದಲ್ಲೇ ನಿಲುವು ತಳೆದರು. ಮನೆಯಲ್ಲಿ ಬೇರೆ ರೀತಿ ನಡೆಸುತ್ತಿದ್ದರೆ ಅದು ಸುತ್ತಲಿನಿಂದ ಬಂದ ರೂಢಿ. ಹೊಟ್ಟೆನೋವಿದ್ದರೆ ಮಲಗಿಕೊಂಡೇ ಮಂತ್ರ ಹೇಳಿದರೂ ಸರಿ.

ಪೂಜೆಗೆ ಮೊದಲು ಏನೂ ತಿನ್ನಬಾರದು ಎನ್ನುತ್ತಾರೆ. ನೈಟ್ ಶಿಫ್ಟ್‌ನವರು ಏನು ಮಾಡಬೇಕು?

ನಿದ್ದೆಯಿಂದ ಎದ್ದ ಹೊತ್ತೇ ನಿಮ್ಮ ಬೆಳಗು, ಅದು ಸಂಜೆ ನಾಲ್ಕಾದರೂ ಸರಿ. ಶಿಫ್ಟ್ ಮುಗಿಸಿ ದಣಿದು ಬಂದು ಪೂಜೆಗೆ ಕೂರಬೇಡಿ, ಅಂಗೈ ಮೇಲೆಯೇ ತೂಕಡಿಸುತ್ತೀರಿ. ಲಿಂಗ ಕೈಜಾರುವುದು ಬಹಳ ಸಲ ಹೀಗೆಯೇ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು, ಬಸುರಿಯರು, ಹುಣ್ಣು–ಗ್ಯಾಸ್ಟ್ರಿಕ್ ಇರುವವರು ಹಸಿದು ಕೂರಬಾರದು. ಕೈ ನಡುಗಿ ಬೆವರುವಾಗ ಯಾವ ಧ್ಯಾನವೂ ನಿಲ್ಲುವುದಿಲ್ಲ.

ಓದಿದಂತೆಲ್ಲ ಅನುಮಾನ ಹೆಚ್ಚುತ್ತಿದೆ. ಅಂಗೈ ಮೇಲಿನ ಕಲ್ಲು ದೇವರು ಹೇಗೆ? ಹೀಗೆ ಕೇಳುವುದೇ ತಪ್ಪೇ?

ಇದು ನಮಗೆ ಅತ್ಯಂತ ಹೆಚ್ಚು ಬರುವ ಪ್ರಶ್ನೆ, ಅತ್ಯಂತ ಮುಖ್ಯವಾದದ್ದೂ ಹೌದು.

ತಪ್ಪಲ್ಲ. ಮಗುವಿದ್ದಾಗಿನ ನಂಬಿಕೆಯನ್ನು ಹಾಗೆಯೇ ಕಾಪಾಡಿಕೊಳ್ಳಬೇಕು ಎಂದು ಈ ಧರ್ಮ ಎಲ್ಲೂ ಹೇಳಿಲ್ಲ. ಅದು ಬೆಳೆಯಬೇಕು ಎಂದೇ ಷಟ್‌ಸ್ಥಲವನ್ನು ಕಟ್ಟಿದ್ದಾರೆ. ಆರು ಸ್ಥಲ: ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ. ಒಂದೊಂದಕ್ಕೂ ಒಂದೊಂದು ಬಗೆಯ ಭಕ್ತಿ: ಶ್ರದ್ಧೆ, ನಿಷ್ಠೆ, ಅವಧಾನ, ಅನುಭಾವ, ಆನಂದ, ಸಮರಸ. ಅಮ್ಮ ಹೇಳಿದಳೆಂದು ಕೈಮುಗಿಯುವುದು ಶ್ರದ್ಧೆ. ಅದು ಮೊದಲ ಮೆಟ್ಟಿಲು, ಒಳ್ಳೆಯ ಮೆಟ್ಟಿಲು. ಆದರೆ ಇಪ್ಪತ್ತನೆಯ ವಯಸ್ಸಿನಲ್ಲಿ, ಅಮ್ಮ ಎದುರಿಗಿಲ್ಲದ ಊರಿನಲ್ಲಿ, ನಾಲ್ಕು ಜನ ನಗುವಾಗ, ಇದು ನನ್ನದು ಎಂದು ನೀವೇ ಹಿಡಿದುಕೊಂಡರೆ ಅದು ನಿಷ್ಠೆ. ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ ‘ಏಕೆ’ ಎಂಬ ಪ್ರಶ್ನೆ ಬಾರದೆ ಇರುವುದಿಲ್ಲ. ನಿಮಗೆ ಈಗ ಆಗುತ್ತಿರುವುದು ಅದೇ. ಮೂರನೆಯದಾದ ಅವಧಾನಕ್ಕೆ ಬಂದರೆ ಎಚ್ಚರ ಪೂಜೆಯ ಹೊತ್ತಿಗೆ ಮಾತ್ರ ಸೀಮಿತವಲ್ಲ. ತಿನ್ನುವ, ಮಾತಾಡುವ, ದುಡಿಯುವ ಪ್ರತಿಯೊಂದರಲ್ಲೂ ಅದು ಇರಬೇಕಾಗುತ್ತದೆ.

ಸಿದ್ಧರಾಮನನ್ನು ನೋಡಿ. ಸೊನ್ನಲಿಗೆಯಲ್ಲಿ, ಈಗಿನ ಸೊಲ್ಲಾಪುರದಲ್ಲಿ, ಕೆರೆ ಕಟ್ಟಿಸಿ ಗುಡಿ ಕಟ್ಟಿಸಿ ದೊಡ್ಡ ಹೆಸರಾಗಿದ್ದವನು. ಅಲ್ಲಮಪ್ರಭು ಅವನಿಗೆ ಎದುರು ನಿಂತು ಪ್ರಶ್ನೆ ಹಾಕಿದ, ಕಲ್ಯಾಣಕ್ಕೆ ಕರೆತಂದ. ಅಲ್ಲಿಯೂ ವಾದ ನಡೆದೇ ಅವನು ಚೆನ್ನಬಸವಣ್ಣನಿಂದ ಇಷ್ಟಲಿಂಗ ದೀಕ್ಷೆ ಪಡೆದದ್ದು. ಅಕ್ಕಮಹಾದೇವಿಯನ್ನೂ ಅಲ್ಲಮ ಸುಮ್ಮನೆ ಒಳಗೆ ಬಿಡಲಿಲ್ಲ, ಕೇಳಬೇಕಾದುದನ್ನೆಲ್ಲ ಕೇಳಿದ. ಇಬ್ಬರೂ ಉತ್ತರ ಹೇಳಿದರು. ಪ್ರಶ್ನೆಯನ್ನು ಸೂತಕವೆಂದು ಅನುಭವ ಮಂಟಪ ಎಂದೂ ಕಂಡಿಲ್ಲ.

ಕಲ್ಲಿನ ಮಾತಿಗೆ ಬರೋಣ. ಇಷ್ಟಲಿಂಗ ಗುಡಿಯ ಸ್ಥಾವರಲಿಂಗದ ಪುಟ್ಟ ನಕಲು ಎಂದು ತಿಳಿದರೆ ಎಲ್ಲ ಗೊಂದಲವೂ ಶುರುವಾಗುತ್ತದೆ. ಗುರು ಶಿಷ್ಯನೊಳಗಿನ ಚೈತನ್ಯವನ್ನೇ ಕುರುಹಾಗಿ ಮಾಡಿ ಅವನ ಅಂಗೈಗಿಡುತ್ತಾನೆ ಎಂಬುದು ಶರಣರ ತಿಳಿವಳಿಕೆ. ಕುರುಹು ಎಂಬ ಪದವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಕುರುಹು ಹಿಡಿದು ಅರಿವಿಗೆ ಹೋಗಬೇಕು. ಅರಿವು ಬರುವ ಮೊದಲೇ ಕುರುಹು ಬಿಟ್ಟರೆ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಮಾಡಬೇಕಾದದ್ದು ಇಷ್ಟು. ಒಂದು ನೋಟ್‌ಬುಕ್ಕಿನಲ್ಲಿ ಅನುಮಾನವನ್ನು ನಿಮ್ಮದೇ ಮಾತಿನಲ್ಲಿ ಒಂದು ಸಾಲಿನಲ್ಲಿ ಬರೆಯಿರಿ. ‘ಎಲ್ಲ ಸುಳ್ಳು’ ಎಂದು ಬರೆಯಬೇಡಿ. ‘ದೇವರಿದ್ದರೆ ಅಪ್ಪನಿಗೆ ಈ ಕಾಯಿಲೆ ಏಕೆ’ ಎಂದು ಬರೆಯಿರಿ. ಎರಡೂ ಬೇರೆ ಬೇರೆ ಪ್ರಶ್ನೆ, ಉತ್ತರ ಹುಡುಕುವ ಜಾಗವೂ ಬೇರೆ. ಆಮೇಲೆ ಅದೇ ಮಾತನ್ನು ಎತ್ತಿಕೊಂಡ ವಚನ ಹುಡುಕಿ, ತಿಳಿದವರ ಬಳಿ ಚರ್ಚಿಸಿ. ಅಲ್ಲಿಯವರೆಗೆ ಪೂಜೆಯ ಹನ್ನೆರಡು ನಿಮಿಷ ನಿಲ್ಲಿಸಬೇಡಿ. ಅನುಮಾನ ಬಗೆಹರಿದ ಮೇಲೆ ಪೂಜೆ ಮಾಡುತ್ತೇನೆ ಎಂದು ಹೊರಟರೆ, ಪೂಜೆಯ ಬಗ್ಗೆ ಯೋಚಿಸಲು ಬೇಕಾದ ಅನುಭವವೇ ನಿಮ್ಮ ಬಳಿ ಇರುವುದಿಲ್ಲ. ಇಷ್ಟೆಲ್ಲ ಆದ ಮೇಲೂ ಒಪ್ಪಿಗೆಯಾಗದಿದ್ದರೆ ಪ್ರಾಮಾಣಿಕವಾಗಿ ಹಾಗೆಂದು ಹೇಳುವುದು, ತೋರಿಕೆಗೆ ವಿಭೂತಿ ಹಚ್ಚುವುದಕ್ಕಿಂತ ಮೇಲು.

ವಚನ ಎಂದು ವಾಟ್ಸಾಪ್‌ನಲ್ಲಿ ಬರುವುದೆಲ್ಲ ವಚನವೇ?

ಅಲ್ಲ. ಸರ್ವಜ್ಞನ ತ್ರಿಪದಿ, ಯಾರೋ ನಿನ್ನೆ ಬರೆದ ಸುಭಾಷಿತ ಎಲ್ಲಕ್ಕೂ ಬಸವಣ್ಣನ ಚಿತ್ರ ಅಂಟಿಸಿ ಕಳಿಸುತ್ತಾರೆ. ಮೊದಲು ಅಂಕಿತ, ಅಂದರೆ ವಚನಕಾರರು ತಮ್ಮ ಗುರುತಾಗಿ ವಚನದಲ್ಲಿ ಬಳಸುವ ದೇವರ ಹೆಸರು ನೋಡಿ: ಬಸವಣ್ಣನದು ಕೂಡಲಸಂಗಮದೇವ, ಅಲ್ಲಮನದು ಗುಹೇಶ್ವರ, ಅಕ್ಕನದು ಚೆನ್ನಮಲ್ಲಿಕಾರ್ಜುನ, ಸಿದ್ಧರಾಮನದು ಕಪಿಲಸಿದ್ಧಮಲ್ಲಿಕಾರ್ಜುನ, ಜೇಡರ ದಾಸಿಮಯ್ಯನದು ರಾಮನಾಥ. ಅಂಕಿತವಿಲ್ಲದಿದ್ದರೆ ಅನುಮಾನ ಪಡಿ. ಅಂಕಿತವಿದ್ದ ಮಾತ್ರಕ್ಕೆ ನಿಜವೆಂದೂ ಅಲ್ಲ. ಕರ್ನಾಟಕ ಸರ್ಕಾರ ಸಮಗ್ರ ವಚನಗಳನ್ನು 15 ಸಂಪುಟಗಳಲ್ಲಿ ತಂದಿದೆ, ಪದ ಕೊಟ್ಟು ವಚನ ಹುಡುಕುವ ಜಾಲತಾಣವೂ ಇದೆ. ನಡುವಿನ ಎರಡು ಅಪರೂಪದ ಪದ ಹಾಕಿ ಹುಡುಕಿದರೆ ಸಾಕು. ತಾಳೆಗರಿಗಳನ್ನು ಊರೂರು ತಿರುಗಿ ಕೂಡಿಸಿ, 1923ರಲ್ಲಿ ವಚನಗಳ ಮೊದಲ ದೊಡ್ಡ ಸಂಕಲನ ಅಚ್ಚು ಮಾಡಿಸಿದ ಫ. ಗು. ಹಳಕಟ್ಟಿಯವರ ದುಡಿಮೆಗೆ ಅಷ್ಟು ಗೌರವ ನಾವು ಕೊಡಲೇಬೇಕು.

ಆಫೀಸ್ ಪಾರ್ಟಿಯಲ್ಲಿ ಮಾಂಸ, ಮದ್ಯ. ಬೇಡ ಎನ್ನಲು ಸಂಕೋಚ.

ಕಾರಣ ಕೊಡಲು ಹೋದಾಗಲೇ ಸಿಕ್ಕಿಬೀಳುವುದು. ‘ಇವತ್ತು ಸೋಮವಾರ’ ಎಂದರೆ ಮಂಗಳವಾರ ಕರೆಯುತ್ತಾರೆ. ‘ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ’ ಎಂದರೆ ಮುಂದಿನ ತಿಂಗಳು ಕೇಳುತ್ತಾರೆ. ‘ನಾನು ಕುಡಿಯುವುದಿಲ್ಲ’ ಎಂಬ ಎರಡು ಪದ ಸಾಕು. ಹೋದ ಕೂಡಲೇ ಕೈಗೊಂದು ನಿಂಬೆ ಸೋಡಾ ತೆಗೆದುಕೊಳ್ಳಿ. ಖಾಲಿ ಕೈಗೇ ಎಲ್ಲರೂ ಲೋಟ ತುರುಕುವುದು. ತಿನ್ನುವವರನ್ನು ಕೀಳಾಗಿ ಕಾಣಬೇಡಿ, ಅವರ ಊಟ ಅವರದು.

ಗೊತ್ತಿಲ್ಲದೆ ಹೊಟ್ಟೆಗೆ ಹೋಗುವುದರ ಕಡೆ ಗಮನವಿರಲಿ. ಭಾರತದಲ್ಲಿ ಪೊಟ್ಟಣದ ಮೇಲೆ ಚೌಕದೊಳಗಿನ ಹಸಿರು ಚುಕ್ಕೆ ನೋಡಿದರೆ ಸಾಕು. ಹೊರದೇಶದಲ್ಲಿ ಪಟ್ಟಿ ಓದಬೇಕು: ಜೆಲಾಟಿನ್ ಪ್ರಾಣಿಯ ಮೂಳೆ–ಚರ್ಮದಿಂದ ಬರುತ್ತದೆ, ಜೆಲ್ಲಿ ಮಿಠಾಯಿಯಲ್ಲೂ ಮಾತ್ರೆಯ ಕವಚದಲ್ಲೂ ಇರುತ್ತದೆ, ಇ120 ಎಂಬ ಕೆಂಪು ಬಣ್ಣ ಕೀಟದಿಂದ ತೆಗೆದದ್ದು, ಕೆಲವು ಚೀಸ್‌ಗಳಲ್ಲಿ ಕರುವಿನ ಹೊಟ್ಟೆಯ ರೆನ್ನೆಟ್ ಇರುತ್ತದೆ, ಥಾಯ್ ಅಡುಗೆಯ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ, ಜಪಾನಿನ ಸೂಪಿನ ತಳದಲ್ಲಿ ಒಣಮೀನಿನ ಸಾರ. ತಿಳಿಯದೆ ತಿಂದದ್ದಕ್ಕೆ ಅತ್ತು ಕರೆಯಬೇಕಾಗಿಲ್ಲ, ಮುಂದಿನ ಸಲ ಕೇಳಿ ತಿನ್ನಿ. ಔಷಧಿಯ ಕವಚಕ್ಕೆ ಬದಲಿ ಇದೆಯೇ ಎಂದು ವೈದ್ಯರನ್ನು ಕೇಳಿ. ಇಲ್ಲವೆಂದರೆ ಔಷಧಿ ಬಿಡಬೇಡಿ.

ವಿದೇಶಕ್ಕೆ ಪೂಜಾ ಸಾಮಗ್ರಿ ಒಯ್ಯುವುದು ಹೇಗೆ?

ವಿಭೂತಿ ಸಗಣಿಯ ಬೂದಿ, ರುದ್ರಾಕ್ಷಿ ಬೀಜ, ಪತ್ರೆ ಎಲೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಗಡಿಯಲ್ಲಿ ಸಸ್ಯ ಮತ್ತು ಪ್ರಾಣಿ ಮೂಲದ ವಸ್ತುಗಳ ತಪಾಸಣೆ ಬಹಳ ಬಿಗಿ. ಅರ್ಜಿಯಲ್ಲಿ ಬರೆಯದೆ ಒಯ್ದರೆ ದಂಡ ಬೀಳುತ್ತದೆ, ಬರೆದರೆ ಹೆಚ್ಚೆಂದರೆ ವಸ್ತು ಇಟ್ಟುಕೊಳ್ಳುತ್ತಾರೆ. ಹಸಿ ಪತ್ರೆ ಎಲ್ಲಿಗೂ ಒಯ್ಯಬೇಡಿ. ಕುಳ್ಳು, ಸಗಣಿಯ ಉಂಡೆ ಅಂತೂ ಬೇಡವೇ ಬೇಡ. ವಿಭೂತಿ ಒಂದೇ ಗಟ್ಟಿ, ಮೂಲ ಪೊಟ್ಟಣದಲ್ಲೇ, ಕೈಚೀಲದಲ್ಲಿ ಬೇಡ. ಬಿಳಿ ಪುಡಿ ಕಂಡರೆ ತಪಾಸಣೆ ಉದ್ದವಾಗುತ್ತದೆ.

ಹೋದ ಊರಿನಲ್ಲಿ ಬಸವ ಜಯಂತಿ ಎಲ್ಲಿ ನಡೆಯುತ್ತದೆ ಎಂದು ವಿಚಾರಿಸಿ. ಅದು ಅಕ್ಷಯ ತದಿಗೆಯಂದು ಬಂದರೂ ಹೊರದೇಶಗಳಲ್ಲಿ ಹತ್ತಿರದ ಶನಿವಾರ, ಭಾನುವಾರ ಮಾಡುತ್ತಾರೆ. ಲಂಡನ್ನಿನಲ್ಲಿದ್ದರೆ ಥೇಮ್ಸ್ ದಂಡೆಯಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನ ಪ್ರತಿಮೆ ಇದೆ. ಜತೆಗೆ ಕೂತು ಪೂಜೆ ಮಾಡುವ ಒಂದೇ ಒಂದು ಮನೆ ಸಿಕ್ಕರೂ ಬಹಳ, ತಿಂಗಳಿಗೊಮ್ಮೆ ಸೇರಿ.

ಪೂಜೆ ತಪ್ಪಿಸುವುದಿಲ್ಲ, ಆದರೆ ಕೆಲಸದಲ್ಲಿ ಸುಳ್ಳು ಬಿಲ್ ಹಾಕಬೇಕಾಗುತ್ತದೆ.

ಹಾಗಾದರೆ ಪೂಜೆ ತಪ್ಪಿದೆ. ಆಯ್ದಕ್ಕಿ ಮಾರಯ್ಯ ಬಸವಣ್ಣನ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವ ಕಾಯಕದವನು. ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಇದು ನಮಗೇಕೆ ಎಂದು ಹೆಚ್ಚಿನದನ್ನು ಅಲ್ಲಿಗೇ ಸುರಿದು ಬರಲು ಕಳಿಸಿದಳು. ಕದ್ದ ಅಕ್ಕಿಯಲ್ಲ ಅದು, ನೆಲಕ್ಕೆ ಬಿದ್ದ ಅಕ್ಕಿ! ಅಷ್ಟು ಸಣ್ಣದರಲ್ಲಿ ಅವಳು ಗೆರೆ ಎಳೆದಳು. ಮೇಲಿನವರು ಸುಳ್ಳು ಬಿಲ್ಲಿಗೆ ಸಹಿ ಕೇಳಿದರೆ ‘ಇದಕ್ಕೆ ರಸೀದಿ ಇಲ್ಲ, ಇಮೇಲ್‌ನಲ್ಲಿ ಸೂಚನೆ ಕಳಿಸಿ’ ಎಂದು ಕೇಳಿ. ಬಹಳ ಸಲ ಕೇಳಿಕೆ ಅಲ್ಲಿಗೇ ನಿಲ್ಲುತ್ತದೆ. ನಿಲ್ಲದಿದ್ದರೆ ಬೇರೆ ಕೆಲಸ ನೋಡಿಕೊಳ್ಳಲು ಶುರುಮಾಡಿ, ಸಿಗುವವರೆಗೆ ಸಹಿ ಹಾಕದೆ ನಿಲ್ಲಿ. ಕಷ್ಟ, ನಿಜ. ಕೆಲಸ ಹೋಗಲೂಬಹುದು.

ದಾಸೋಹದ ಬಗ್ಗೆ ಒಂದು ಮಾತು: ಸಂಬಳ ಬಂದ ದಿನವೇ ತೆಗೆದಿಡಿ. ತಿಂಗಳ ಕೊನೆಗೆ ಉಳಿದರೆ ಕೊಡೋಣ ಎಂದರೆ ಉಳಿಯುವುದಿಲ್ಲ. ತುಮಕೂರಿನ ಸಿದ್ಧಗಂಗೆಯಂಥ ಮಠಗಳ ಪ್ರಸಾದ ನಿಲಯಗಳಲ್ಲಿ ಉಚಿತವಾಗಿ ಉಂಡು ಓದಿ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೇರೆ ಜಾತಿಯವರನ್ನು ಮದುವೆಯಾದರೆ ಲಿಂಗನಿಷ್ಠೆ ಉಳಿಯುತ್ತದೆಯೇ?

ಮಧುವರಸರ ಮಗಳಿಗೂ ಹರಳಯ್ಯನವರ ಮಗ ಶೀಲವಂತನಿಗೂ ಮದುವೆಯಾದದ್ದು ಕಲ್ಯಾಣದಲ್ಲಿ. ಬ್ರಾಹ್ಮಣ ಮೂಲದ ಮನೆ, ಸಮಗಾರ ಮೂಲದ ಮನೆ. ಅದಕ್ಕಾಗಿ ಇಬ್ಬರ ತಂದೆಯರೂ ಜೀವ ತೆತ್ತರು. ಅಂಥ ಪರಂಪರೆಯವರು ಜಾತಿ ನೋಡಿ ಹೆಣ್ಣು–ಗಂಡು ಬೇಡವೆಂದರೆ, ಅದೂ ಲಿಂಗಾಯತರಲ್ಲೇ ಒಳಪಂಗಡ ಹುಡುಕುತ್ತ ಕೂತರೆ, ಆ ಮದುವೆಯನ್ನು ಮತ್ತೊಮ್ಮೆ ಶಿಕ್ಷಿಸಿದಂತೆ. ಮದುವೆಗೆ ಮೊದಲೇ ಮೂರು ಮಾತು ಬಿಚ್ಚಿ ಮಾತಾಡಿಕೊಳ್ಳಿ: ಮನೆಯಲ್ಲಿ ಏನು ಬೇಯುತ್ತದೆ, ಮಕ್ಕಳಿಗೆ ಲಿಂಗಧಾರಣೆ ಮಾಡಿಸುತ್ತೀರಾ, ಬೆಳಗಿನ ಪೂಜೆಯ ಹೊತ್ತಿಗೆ ಯಾರು ಏನು ನೋಡಿಕೊಳ್ಳುತ್ತಾರೆ. ದೀಕ್ಷೆ ಪಡೆಯಲು ಸಂಗಾತಿಗೆ ಮನಸ್ಸಿದ್ದರೆ ಬಾಗಿಲು ತೆರೆದಿದೆ. ಒತ್ತಾಯ ಬೇಡ.

ಮಗ ಲಿಂಗ ತೆಗೆದಿಟ್ಟಿದ್ದಾನೆ. ತಂದೆತಾಯಿ ಏನು ಮಾಡಬೇಕು?

‘ಲಿಂಗ ತೆಗೆದರೆ ಕೇಡಾಗುತ್ತದೆ’ ಎಂದು ಹೆದರಿಸಬೇಡಿ. ತೆಗೆದ ಮರುದಿನ ಅವನಿಗೆ ಏನೂ ಆಗುವುದಿಲ್ಲ, ಆಗ ನಿಮ್ಮ ಉಳಿದ ಮಾತುಗಳೂ ಸುಳ್ಳೆನಿಸುತ್ತವೆ. ನೆಂಟರ ಮುಂದೆ ಎತ್ತಿ ಆಡಬೇಡಿ. ಒಮ್ಮೆ, ಇಬ್ಬರೇ ಇರುವಾಗ, ಏಕೆ ಎಂದು ಕೇಳಿ. ಉತ್ತರದ ನಡುವೆ ಬಾಯಿ ಹಾಕಬೇಡಿ. ಕಾರಣ ಬಹಳ ಸಲ ಸಣ್ಣದಿರುತ್ತದೆ: ರೂಮಿನವರು ಚುಡಾಯಿಸಿದ್ದು, ದಾರದ ತುರಿಕೆ, ಕರಡಿಗೆ ಕಳೆಯುವ ಭಯ. ದೊಡ್ಡ ಕಾರಣವೇ ಇದ್ದರೆ ನಿಮಗೆ ಗೊತ್ತಿರುವಷ್ಟು ಹೇಳಿ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನಿ. ನೀವು ದಿನವೂ ಪೂಜೆಗೆ ಕೂರುತ್ತಿದ್ದೀರಾ ಎಂಬುದನ್ನು ಅವನು ಚಿಕ್ಕಂದಿನಿಂದ ನೋಡಿದ್ದಾನೆ. ಲಿಂಗವನ್ನು ಒಣ ಪಾವಡದಲ್ಲಿ ಸುತ್ತಿ, ಅವನಿಗೆ ಗೊತ್ತಿರುವ ಜಾಗದಲ್ಲಿ ಇಡಿ. ಬೀಗ ಬೇಡ.

ಐದು ವರ್ಷ ಬಿಟ್ಟಿದ್ದೆ. ಮತ್ತೆ ಶುರು ಮಾಡಲು ಪ್ರಾಯಶ್ಚಿತ್ತ ಬೇಕೇ?

ಬೇಡ. ಆದರೆ ಮೊದಲ ದಿನವೇ ಒಂದು ಗಂಟೆ ಕೂರಲು ಹೋಗಬೇಡಿ. ಹುರುಪಿನಲ್ಲಿ ಶುರುವಾದದ್ದು ಎರಡನೆಯ ವಾರಕ್ಕೆ ನಿಲ್ಲುತ್ತದೆ. ಹಳೆಯ ದಾರ ಲಡ್ಡಾಗಿರುತ್ತದೆ, ಎಳೆದು ನೋಡದೆ ಕೊರಳಿಗೆ ಹಾಕಿದರೆ ದಾರಿಯಲ್ಲೇ ತುಂಡಾಗುತ್ತದೆ. ಹೊಸ ದಾರ ಹಾಕಿ. ಕರಡಿಗೆಯ ಮುಚ್ಚಳ ಕಚ್ಚಿಕೊಂಡಿದ್ದರೆ ಚಾಕು ತೂರಿಸಬೇಡಿ, ಲಿಂಗಕ್ಕೆ ಗೀರು ಬೀಳುತ್ತದೆ. ಬೆಚ್ಚಗಿನ ಬಟ್ಟೆಯನ್ನು ಹೊರಗಿನಿಂದ ಒಂದೆರಡು ನಿಮಿಷ ಸುತ್ತಿ, ನಿಧಾನ ತಿರುಗಿಸಿ. ಬೆಳ್ಳಿ ಕಪ್ಪಾಗಿದ್ದರೆ ಲಿಂಗವನ್ನು ಹೊರಗೆ ತೆಗೆದಿಟ್ಟ ಮೇಲೆ ವಿಭೂತಿಯಿಂದಲೇ ಉಜ್ಜಬಹುದು. ಮೊದಲ ವಾರ ಮೂರು ನಿಮಿಷ: ನೀರು, ವಿಭೂತಿ, ಹನ್ನೊಂದು ಸಲ ಮಂತ್ರ. ಮಂತ್ರ ಮರೆತಂತೆ ಅನಿಸಿದರೆ ಮನೆಗೆ ಫೋನ್ ಮಾಡಿ ಅಜ್ಜಿಯನ್ನು ಕೇಳಿ.